ಸರಕು ನೌಕೆಯ ಓಟ: ನಾನು ಬರಿಗಣ್ಣಲ್ಲಿ ನೋಡುವ ಬಗೆ

ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾದುಹೋಗುವುದನ್ನು ಬಹಳ ಜನ ನೋಡಿದ್ದಾರೆ. ಅಲ್ಲಿರುವವರಿಗೆ ಊಟ, ನೀರು ಹೊತ್ತು ಹೋಗುವ ನೌಕೆಯನ್ನು ನೋಡಿದವರು ಕಡಿಮೆ. ನನಗೆ ಈ ಎರಡನೆಯದರ ಮೇಲೇ ಜಾಸ್ತಿ ಪ್ರೀತಿ. ಒಳಗೆ ಯಾರೂ ಇರುವುದಿಲ್ಲ, ಆದರೂ ದಾರಿ ಹಿಡಿದು ಹೋಗಿ ಸೇರಿಕೊಳ್ಳುತ್ತದೆ. 1978ರಲ್ಲಿ ಸೋವಿಯತ್ ಒಕ್ಕೂಟದ ಮೊದಲ ಪ್ರೋಗ್ರೆಸ್ ಸರಕು ನೌಕೆ ಸಲ್ಯೂತ್ 6 ನಿಲ್ದಾಣಕ್ಕೆ ಹೋದಾಗಿನಿಂದ ಈ ಕೆಲಸ ನಡೆದುಕೊಂಡು ಬಂದಿದೆ.

ಉಡಾವಣೆಯ ಸುದ್ದಿ ಬಂದ ಕೂಡಲೇ ನಾನು ನೋಡುವುದು ಪ್ರಯಾಣ ಎಷ್ಟು ಹೊತ್ತಿನದು ಅಂತ. 2018ರ ಜುಲೈನಲ್ಲಿ ಒಂದು ಪ್ರೋಗ್ರೆಸ್ ನಾಲ್ಕು ಗಂಟೆಯೊಳಗೇ ನಿಲ್ದಾಣ ಸೇರಿತ್ತು. ಅಷ್ಟು ಬೇಗ ಹೋದರೆ ನಮ್ಮ ಕಣ್ಣಿಗೆ ಬೀಳುವುದು ಕಷ್ಟ. ಎರಡು ದಿನದ ದಾರಿಯಾದರೆ ಒಂದೆರಡು ಅವಕಾಶ ಸಿಗುತ್ತದೆ. ಸೂರ್ಯ ಮುಳುಗಿದ ಮೇಲಿನ ಅಥವಾ ಹುಟ್ಟುವ ಮುಂಚಿನ ಹೊತ್ತೇ ಆಗಬೇಕು. ಆಗ ನಮಗೆ ಕತ್ತಲೆ, ಮೇಲಿರುವ ನೌಕೆಗೆ ಇನ್ನೂ ಬಿಸಿಲು.

ಹೊರಡುವ ಮುಂಚೆ ಟಿಎಲ್ಇ ಎನ್ನುವ ಎರಡು ಸಾಲಿನ ಕಕ್ಷೆಯ ಅಂಕಿಗಳನ್ನು ಸೆಲೆಸ್‌ಟ್ರ್ಯಾಕ್ ಎಂಬ ಜಾಲತಾಣದಿಂದ ಹೊಸದಾಗಿ ತೆಗೆದುಕೊಳ್ಳುತ್ತೇನೆ. ನಿನ್ನೆಯ ಅಂಕಿ ನಿಲ್ದಾಣಕ್ಕೆ ಸಾಕು, ಸರಕು ನೌಕೆಗೆ ಸಾಲದು. ಅದು ದಾರಿಯುದ್ದಕ್ಕೂ ಎಂಜಿನ್ ಉರಿಸಿ ಕಕ್ಷೆ ಬದಲಿಸುತ್ತಾ ಇರುತ್ತದೆ. ಹಾಗಾಗಿ ಲೆಕ್ಕ ಹೇಳಿದ ಸಮಯಕ್ಕಿಂತ ಕೆಲವು ನಿಮಿಷ ಮುಂಚೆಯೇ ಕಣ್ಣು ಮೇಲಿಡುತ್ತೇನೆ.

ನಿಲ್ದಾಣ ಶುಕ್ರ ಗ್ರಹದಷ್ಟು ಹೊಳೆಯಬಹುದು, ತಪ್ಪಿಸಿಕೊಳ್ಳುವುದಿಲ್ಲ. ಸರಕು ನೌಕೆ ಒಂದು ಸಾಧಾರಣ ನಕ್ಷತ್ರದಷ್ಟೇ. ಸೇರುವ ಮುಂಚೆ ಅದು ನಿಲ್ದಾಣದ ಹಿಂದೆ, ಸ್ವಲ್ಪ ಕೆಳಗೆ ಇರುತ್ತದೆ. ಕೆಳಗಿನ ಕಕ್ಷೆಯಲ್ಲಿ ಸುತ್ತು ಬೇಗ ಮುಗಿಯುತ್ತದೆ, ಅದಕ್ಕೇ ಅಂತರ ತುಂಬುತ್ತಾ ಬರುತ್ತದೆ. ಮುಂದಿರುವುದನ್ನು ಹಿಡಿಯಲು ಕೆಳಗೆ ಇರಬೇಕು! ಇದನ್ನು ಓದಿ ತಿಳಿದುಕೊಂಡಿದ್ದೆ. ಆದರೆ ಒಂದು ಸಂಜೆ ಕಂಡ ಅಂತರ ಮುಂದಿನ ಸುತ್ತಿನಲ್ಲಿ ಕಿರಿದಾಗಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಅದು ನನ್ನದಾಯಿತು.

ಅಂತರ ಅಳೆಯಲು ಮೊಬೈಲಿನ ಸ್ಟಾಪ್‌ವಾಚ್ ಸಾಕು. ನಿಲ್ದಾಣ ಒಂದು ನಕ್ಷತ್ರದ ಪಕ್ಕ ಹಾದಾಗ ಶುರು ಮಾಡುತ್ತೇನೆ, ನೌಕೆ ಅದೇ ನಕ್ಷತ್ರದ ಹತ್ತಿರ ಬಂದಾಗ ನಿಲ್ಲಿಸುತ್ತೇನೆ. ವೇಗ ಸೆಕೆಂಡಿಗೆ ಸುಮಾರು 7.7 ಕಿ.ಮೀ. ಅಂದರೆ ಹತ್ತು ಸೆಕೆಂಡ್ ತಡವಾದರೆ ನಡುವೆ ಸುಮಾರು 77 ಕಿ.ಮೀ. ಎರಡೂ ಒಟ್ಟಿಗೆ ನೆತ್ತಿಯ ಮೇಲಿದ್ದರೆ ಇನ್ನೂ ಸುಲಭ: ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, 400 ಕಿ.ಮೀ. ಎತ್ತರದಲ್ಲಿ ಅದು 70 ಕಿ.ಮೀ. ಆಗುತ್ತದೆ.

ಅಂತರ ಹತ್ತು ನಿಮಿಷದಷ್ಟು ದೊಡ್ಡದಾಗಿದ್ದರೆ ಒಂದು ವಿಷಯ ನೆನಪಿಡಬೇಕು. ಅಷ್ಟರಲ್ಲಿ ಭೂಮಿ ಎರಡೂವರೆ ಡಿಗ್ರಿ ತಿರುಗಿರುತ್ತದೆ. ನೌಕೆ ನಿಲ್ದಾಣದ ದಾರಿಯಲ್ಲೇ ಬರುವುದಿಲ್ಲ, ಪಶ್ಚಿಮಕ್ಕೆ ಸರಿದು ಬರುತ್ತದೆ. ಸುಮ್ನೆ ಅದೇ ದಾರಿ ನೋಡುತ್ತಾ ನಿಂತರೆ ಸಿಗುವುದಿಲ್ಲ.

ನನಗೆ ಬಹಳ ಇಷ್ಟವಾಗುವುದು ಭೂಮಿಯ ನೆರಳಿಗೆ ಹೋಗುವ ಗಳಿಗೆ. ನಿಲ್ದಾಣ ಮೊದಲು ಕಿತ್ತಳೆ ಬಣ್ಣಕ್ಕೆ ತಿರುಗಿ, ಮಂಕಾಗಿ, ಆರಿಹೋಗುತ್ತದೆ. ಹಿಂದಿರುವ ಚುಕ್ಕೆ ಮಾತ್ರ ಇನ್ನೂ ಓಡುತ್ತಿರುತ್ತದೆ. ಆಮೇಲೆ ಅದೂ ಹೆಚ್ಚುಕಡಿಮೆ ಅಲ್ಲೇ ಆರುತ್ತದೆ. ಬೈನಾಕ್ಯುಲರ್ ಇದ್ದರೆ ಆ ಬಣ್ಣ ಚೆನ್ನಾಗಿ ಗೊತ್ತಾಗುತ್ತದೆ.

ಹೊಸಬರು ಯಾರಾದರೂ ಕೇಳಿದರೆ, ಬರುವ ದಿನಕ್ಕಿಂತ ಬಿಟ್ಟುಹೋಗುವ ದಿನ ನೋಡಿ ಎನ್ನುತ್ತೇನೆ. ಕಳಚಿಕೊಂಡ ನೌಕೆ ಕೆಳಗಿಳಿದು ನಿಲ್ದಾಣಕ್ಕಿಂತ ಮುಂದೆ ಹೋಗುತ್ತದೆ, ಹಾಗಾಗಿ ಆಗ ಮೊದಲು ಹುಡುಕಬೇಕಾದ್ದು ಮಂಕು ಚುಕ್ಕೆಯನ್ನು. ಪ್ರೋಗ್ರೆಸ್ ಕೆಲವೊಮ್ಮೆ ಬಿಟ್ಟ ಕೆಲವೇ ಗಂಟೆಗಳಲ್ಲಿ ಪೆಸಿಫಿಕ್ ಸಾಗರದ ಮೇಲೆ ಉರಿದುಹೋಗುತ್ತದೆ. ಅಮೆರಿಕದ ಸರಕು ನೌಕೆ ಸಿಗ್ನಸ್ ಕೆಲವು ಸಲ ಬಹಳ ದಿನ ಕಕ್ಷೆಯಲ್ಲೇ ಉಳಿದಿದೆ, ಅದು ಒಳ್ಳೆಯ ಆಯ್ಕೆ. ಚೀನಾದ ಟಿಯಾಂಗಾಂಗ್ ನಿಲ್ದಾಣಕ್ಕೆ ಹೋಗುವ ಟಿಯಾಂಝೌ ನೌಕೆಗೂ ಇದೇ ಮಾತು. 2022ರ ನವೆಂಬರಿನಲ್ಲಿ ಟಿಯಾಂಝೌ 5 ಎರಡು ಗಂಟೆ ಚಿಲ್ಲರೆಯಲ್ಲೇ ಸೇರಿಬಿಟ್ಟಿತು. ಅಂಥದ್ದನ್ನು ಬರುವಾಗ ಹಿಡಿಯಲು ಆಗುವುದಿಲ್ಲ, ಹೊರಡುವಾಗಲೇ ಕಾಯಬೇಕು.