ಬೋರ್ಡೋ ಕಲಸಿದಿರಾ? ಕತ್ತಿ ಅದ್ದಿ ನೋಡಿ

ಮುಂಗಾರಿಗೆ ಮೊದಲು ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಬೋರ್ಡೋ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಕಲಸುವುದು ಮಾಮೂಲಿ, ಕಲಸಿದ್ದು ಕೆಡುವುದೂ ಅಷ್ಟೇ ಮಾಮೂಲಿ. ಎಲೆ ಸುಡುತ್ತದೆ, ನಾಜಲ್ ಕಟ್ಟುತ್ತದೆ. ದೂರು ಪಂಪಿನ ಮೇಲೆ, ತಪ್ಪು ಡ್ರಮ್ಮಿನಲ್ಲಿ.

ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ದ್ರಾಕ್ಷಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳು ಬೂಜುರೋಗದಿಂದ ಉಳಿದದ್ದನ್ನು ಕಂಡ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಈ ಮಿಶ್ರಣವನ್ನು ಪ್ರಕಟಿಸಿದರು.

ಕಾಳುಮೆಣಸು, ಅಡಿಕೆಗೆ ಶೇ 1ರ ದ್ರಾವಣ: 100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ಕಾಫಿಯ ಎಲೆ ತುಕ್ಕಿಗೆ ಶೇ 0.5 ಸಾಕು, ಎರಡನ್ನೂ ಅರ್ಧರ್ಧ ಕೆ.ಜಿ.ಗೆ ಇಳಿಸಿ. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ. ಕಬ್ಬಿಣ, ತಗಡು ಬೇಡ, ತಾಮ್ರ ಅದಕ್ಕೇ ಹತ್ತಿ ಹೋಗುತ್ತದೆ.

ಮೈಲುತುತ್ತವನ್ನು ತಳಕ್ಕೆ ಸುರಿದರೆ ಕರಗದೆ ಕೂರುತ್ತದೆ. ಬಟ್ಟೆಯಲ್ಲಿ ಗಂಟು ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ಹಿಂದಿನ ರಾತ್ರಿಯೇ ತೂಗುಹಾಕಿ. ಸುಣ್ಣ ಹರಳಾಗಿಯೇ ಇರಲಿ. ಚೀಲ ಬಾಯ್ದೆರೆದು ಗಾಳಿಗೆ ಪುಡಿಯಾದ ಅಗ್ಗದ ಸುಣ್ಣಕ್ಕೆ ಕಸುವಿಲ್ಲ. ಸ್ವಲ್ಪಸ್ವಲ್ಪ ನೀರು ಚಿಮುಕಿಸಿ ಅರಳಿಸಿ (ಕುದಿಯುತ್ತದೆ, ಮುಖ ದೂರವಿರಲಿ), ಉಳಿದ 50 ಲೀಟರಿಗೆ ಸೇರಿಸಿ ಸೋಸಿ, ಪೂರ್ತಿ ತಣಿಯಲು ಬಿಡಿ.

ಎಡವಟ್ಟಾಗುವುದು ಇಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣ ಧಾರೆಯಾಗಿ ಸುರಿಯುತ್ತ ಮರದ ಕೋಲಿನಿಂದ ಕಲಕುತ್ತಿರಬೇಕು. ಉಲ್ಟಾ ಮಾಡಬೇಡಿ. ಗಟ್ಟಿಯಾಗಿ ಕಲಸಿ ಆಮೇಲೆ ನೀರು ಬೆರೆಸುವ ಅಡ್ಡದಾರಿ ಕೆಲವರದು. ಬಿಸಿ ಇರುವಾಗಲೇ ಕಲಸುವ ಆತುರ ಇನ್ನು ಕೆಲವರದು. ಎರಡರಲ್ಲೂ ಕಣ ದಪ್ಪಗಾಗಿ ತಳಕ್ಕಿಳಿಯುತ್ತದೆ, ಎಲೆಗೆ ಹಿಡಿಯುವುದಿಲ್ಲ. ಸರಿಯಾದದ್ದು ತಿಳಿ ಆಕಾಶನೀಲಿ, ನುಣುಪು.

ಈಗ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ. ಸ್ಟೀಲ್ ಚಾಕು ನಂಬಬೇಡಿ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣದೊಂದಿಗೆ ಸೇರದ ತಾಮ್ರ ಉಳಿದಿದೆ, ಎಲೆ ಸುಡುವುದು ಅದೇ. ಕೆಂಪು ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಿ, ಪ್ರತಿ ಸಲ ಕತ್ತಿ ಉಜ್ಜಿ ಮತ್ತೆ ಅದ್ದಿ. ಕಣ್ಣಂದಾಜು ನಡೆಯದು: ಸುಣ್ಣದ ಗುಣ ಚೀಲದಿಂದ ಚೀಲಕ್ಕೆ ಬೇರೆ.

ಅಂದು ಕಲಸಿದ್ದು ಅಂದೇ ಮುಗಿಯಬೇಕು. ಜೊತೆಗೆ ಕೀಟನಾಶಕ ಬೆರೆಸಬೇಡಿ. ಉಳಿದದ್ದನ್ನು ಹಳ್ಳಕ್ಕೆ ಚೆಲ್ಲಿದರೆ ಮೀನು ಸಾಯುತ್ತವೆ.

ತಾಮ್ರ ಮೊಳೆಯುತ್ತಿರುವ ಶಿಲೀಂಧ್ರದ ಬೀಜಕವನ್ನು ಕೊಲ್ಲುತ್ತದೆಯೇ ಹೊರತು ಒಳಹೊಕ್ಕ ರೋಗವನ್ನಲ್ಲ. ಹಾಗಾಗಿ ಮಳೆ ಹಿಡಿಯುವ ಮೊದಲೇ, ಒಣ ಎಲೆಗೆ ಹೊಡೆಯಿರಿ. ಕಾಫಿಯಲ್ಲಿ ತುಕ್ಕು ಒಳಸೇರುವುದು ಎಲೆಯ ಅಡಿಯಿಂದ, ನಾಜಲ್ ಮೇಲ್ಮುಖವಾಗಿರಲಿ.