ತೂಕದ ಯಂತ್ರಗಳ ವ್ಯಾಪಾರಕ್ಕೆ ಸಾಫ್ಟ್‌ವೇರ್ ಅಭ್ಯಾಸಗಳು: ನನ್ನ ಅನುಭವ

ನಾನು ಮೊದಲು ಸಾಫ್ಟ್‌ವೇರ್ ಬರೆಯುತ್ತಿದ್ದವನು. ಈಗ ಎಲೆಕ್ಟ್ರಾನಿಕ್ ತೂಕದ ಯಂತ್ರಗಳನ್ನು ಮಾರುವ, ರಿಪೇರಿ ಮಾಡುವ ಒಂದು ಸಣ್ಣ ವ್ಯಾಪಾರ ನಡೆಸುತ್ತಿದ್ದೇನೆ. ಹಳೆಯ ಸಹೋದ್ಯೋಗಿಗಳು ಸಿಕ್ಕಾಗ ಮೊದಲು ಕೇಳುವುದು, "ಹಾಗಾದ್ರೆ ಅಲ್ಲೂ ಸ್ಕ್ರಮ್ ಮಾಡಿಸ್ತೀಯಾ?" ಅಂತ. ಇಲ್ಲ. ಸ್ಕ್ರಮ್ ಅಂದರೆ ಸಾಫ್ಟ್‌ವೇರ್ ತಂಡಗಳು ಕೆಲಸವನ್ನು ಕೆಲವು ವಾರಗಳ ಕಂತುಗಳಾಗಿ (ಸ್ಪ್ರಿಂಟ್) ಹಂಚಿಕೊಂಡು ಮಾಡುವ ಪದ್ಧತಿ. ನಮ್ಮಲ್ಲಿ ಸ್ಪ್ರಿಂಟ್ ಇಲ್ಲ, ಕೆಲಸದ ಗಾತ್ರಕ್ಕೆ ಅಂಕ ಕೊಡುವ ಸ್ಟೋರಿ ಪಾಯಿಂಟ್ ಇಲ್ಲ. ಯಂತ್ರ ಕೆಟ್ಟು ಕೆಲಸ ನಿಂತಿದೆ ಅಂತ ಫೋನ್ ಮಾಡಿದವರಿಗೆ ಮುಂದಿನ ಸ್ಪ್ರಿಂಟ್‌ನಲ್ಲಿ ನೋಡೋಣ ಅನ್ನೋಕಾಗಲ್ಲ ಅಲ್ವಾ. ಅಷ್ಟಕ್ಕೂ 2001ರಲ್ಲಿ 17 ಜನ ಸೇರಿ ಬರೆದ, ಸ್ಕ್ರಮ್‌ನಂಥ ಪದ್ಧತಿಗಳ ತತ್ವ ಹೇಳುವ ಅಜೈಲ್ ಪ್ರಣಾಳಿಕೆಯಲ್ಲಿ ಸ್ಪ್ರಿಂಟ್ ಅನ್ನುವ ಮಾತೇ ಬರುವುದಿಲ್ಲ. ನಾನು ತಂದುಕೊಂಡಿದ್ದು ಇದಕ್ಕಿಂತ ಹಳೆಯ, ಇದಕ್ಕಿಂತ ಸರಳವಾದ ಅಭ್ಯಾಸ: ಕೆಲಸ ಮಾಡುವ ರೀತಿಯನ್ನು ಬರೆದಿಡಬೇಕು, ಸ್ವಲ್ಪ ಸ್ವಲ್ಪವೇ ಬದಲಿಸಬೇಕು, ಯಾಕೆ ಬದಲಿಸಿದೆವು ಅನ್ನುವುದನ್ನು ಆ ಬದಲಾವಣೆಯ ಪಕ್ಕದಲ್ಲೇ ಇಡಬೇಕು.

ಶುರು ಮಾಡಿದ್ದು ಗಿಟ್‌ನಿಂದ, ಅಂದರೆ ಫೈಲ್‌ಗಳಲ್ಲಿ ಯಾರು ಏನನ್ನು ಯಾವಾಗ ಬದಲಿಸಿದರು ಅನ್ನುವ ಇತಿಹಾಸ ಇಟ್ಟುಕೊಳ್ಳುವ ಸಾಫ್ಟ್‌ವೇರ್‌ನಿಂದ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಅದನ್ನು ಬರೆದಿದ್ದು ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಕೆಲಸಕ್ಕೆ, ಆದರೆ ಅದಕ್ಕೆ ಕೋಡೇ ಬೇಕು ಅಂತೇನಿಲ್ಲ, ಸಾಮಾನ್ಯ ಪಠ್ಯ ಸಾಕು. ಕೊಟೇಶನ್ ಹೇಗೆ ಮಾಡಬೇಕು, ಯಂತ್ರ ಹೊರಗೆ ಹೋಗುವ ಮೊದಲು ಏನೇನು ನೋಡಬೇಕು, ಬಾಕಿ ವಸೂಲಿಗೆ ಯಾವಾಗ ಯಾರು ಫೋನ್ ಮಾಡಬೇಕು, ಇವೆಲ್ಲ ನಮ್ಮಲ್ಲಿ ಒಂದೊಂದು ಫೈಲ್. ಜೊತೆಯಲ್ಲಿರುವವರಿಗೆ ಗಿಟ್ ಕಮಾಂಡ್ ಯಾವುದನ್ನೂ ಕಲಿಸಲಿಲ್ಲ. ಬ್ರೌಸರ್‌ನಲ್ಲಿ ಫೈಲ್ ತೆರೆಯುತ್ತಾರೆ, ತಿದ್ದುತ್ತಾರೆ, ಕೆಳಗಿನ ಡಬ್ಬಿಯಲ್ಲಿ ಕಾರಣ ಬರೆದು ಸೇವ್ ಮಾಡುತ್ತಾರೆ. ಕಾರಣ ಇಲ್ಲದೆ ಬದಲಾವಣೆ ಇಲ್ಲ, ಇದೊಂದೇ ಕಟ್ಟುನಿಟ್ಟು.

ಒಂದು ಕಾರಣವನ್ನು ಇದ್ದ ಹಾಗೇ ಕೊಡುತ್ತೇನೆ: "ಬಾಕಿ ನೆನಪಿಸುವ ಮೇಲ್ ಇನ್ಮೇಲೆ 15ನೇ ದಿನ ಅಲ್ಲ, 7ನೇ ದಿನ. ಬಿಲ್ ಅವರ ಅಕೌಂಟ್ಸ್‌ಗೆ ತಲುಪಿಲ್ಲ ಅನ್ನೋದೇ ನಮಗೆ 15ನೇ ದಿನ ಗೊತ್ತಾಗ್ತಿದೆ." ಬರೆದದ್ದು ಬಿಲ್ಲಿಂಗ್ ನೋಡಿಕೊಳ್ಳುವವರು. ಒಂದಷ್ಟು ತಿಂಗಳಾದ ಮೇಲೆ ಹೊಸದಾಗಿ ಸೇರಿದವರೊಬ್ಬರು ಬಂದು, "ಸರ್, ಏಳು ದಿನಕ್ಕೇ ಮೇಲ್ ಹಾಕಿದ್ರೆ ಪಾರ್ಟಿಗೆ ಬೇಜಾರಾಗಲ್ವಾ?" ಅಂದರು. ಆ ಸಾಲು ತೋರಿಸಿದೆ. ಓದಿ ಅವರೇ ಮೇಲ್‌ನ ಮಾತು ಬದಲಿಸಿದರು. ಹಣ ಕೇಳುವುದನ್ನು ತೆಗೆದು, ಬಿಲ್ ತಲುಪಿದೆಯಾ, ಅದರಲ್ಲಿ ಏನಾದರೂ ತಿದ್ದಬೇಕಾ ಅಂತಷ್ಟೇ ಕೇಳುವ ಹಾಗೆ ಮಾಡಿದರು. ಕಾರಣ ಬರೆದಿಲ್ಲದಿದ್ದರೆ 7 ಅನ್ನು ಮತ್ತೆ 15 ಮಾಡಿ, ಹಳೆಯ ತೊಂದರೆಯನ್ನು ಮತ್ತೆ ಮೊದಲಿನಿಂದ ಅನುಭವಿಸುತ್ತಿದ್ದೆವು.

ಇದನ್ನು ಎಲ್ಲರಿಗಿಂತ ಬೇಗ ಹಿಡಿದುಕೊಂಡವರು ನಮ್ಮ ಲೆಕ್ಕ ನೋಡುವವರು. ಆಶ್ಚರ್ಯ ಏನಿಲ್ಲ. ಲೆಡ್ಜರ್‌ನಲ್ಲಿ ತಪ್ಪು ನಮೂದನ್ನು ಅಳಿಸುವ ಪದ್ಧತಿ ಇಲ್ಲ, ಅದಕ್ಕೆ ಎದುರು ಇನ್ನೊಂದು ನಮೂದು ಹಾಕಿ ಸರಿ ಮಾಡುತ್ತಾರೆ. ಗಿಟ್‌ನಲ್ಲಿ ಒಂದು ಬದಲಾವಣೆಯನ್ನು ರಿವರ್ಟ್ ಮಾಡಿದಾಗ (ಹಿಂದಕ್ಕೆ ತೆಗೆದುಕೊಂಡಾಗ) ಆಗುವುದೂ ಅದೇ, ಹಳೆಯದು ಉಳಿಯುತ್ತೆ, ಅದನ್ನು ರದ್ದು ಮಾಡುವ ಹೊಸ ಕಮಿಟ್, ಅಂದರೆ ಬದಲಾವಣೆಯ ಹೊಸ ದಾಖಲೆ, ಬರುತ್ತೆ. ಇಟಲಿಯ ಗಣಿತಜ್ಞ ಲೂಕಾ ಪಚೋಲಿ, ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಜೋಡಿ ನಮೂದಿನ ಪದ್ಧತಿಯನ್ನು ಅಚ್ಚಿನಲ್ಲಿ ವಿವರಿಸಿದ್ದು 1494ರಲ್ಲಿ, ವೆನಿಸ್‌ನಲ್ಲಿ. ಇತಿಹಾಸ ಕಾಪಾಡುವ ವಿಷಯದಲ್ಲಿ ವ್ಯಾಪಾರಸ್ಥರು ನಮಗಿಂತ ಎಷ್ಟೋ ಮುಂದಿದ್ದರು.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಮಾತ್ರ ಟೆಸ್ಟಿಂಗ್. ಪ್ಲಾಟ್‌ಫಾರ್ಮ್ ಯಂತ್ರ ಸರಿಯಿದೆಯಾ ಅಂತ ನೋಡಲು ಒಂದೇ ತೂಕದ ಕಲ್ಲನ್ನು ಮಧ್ಯದಲ್ಲಿ, ಆಮೇಲೆ ನಾಲ್ಕೂ ಮೂಲೆಯ ಹತ್ತಿರ ಇಟ್ಟು ನೋಡುತ್ತೇವೆ. ಐದೂ ಕಡೆ ಬರುವ ರೀಡಿಂಗ್ ಅನುಮತಿಸಿದ ವ್ಯತ್ಯಾಸದೊಳಗೆ ಇರಬೇಕು. ಭಾರ ತೆಗೆದ ಮೇಲೆ ಸೊನ್ನೆಗೆ ವಾಪಸ್ ಬರಬೇಕು. ಅದೇ ಕಲ್ಲನ್ನು ಮತ್ತೆ ಮತ್ತೆ ಇಟ್ಟರೆ ಅದೇ ಅಂಕಿ ಬರಬೇಕು. ಇದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರುವ ವಿಷಯ, ನಾನು ಸೇರಿಸಿದ್ದು, ಸರಿ ಮಾಡಿದ ತಪ್ಪು ಮತ್ತೆ ಬಾರದಂತೆ ನೋಡುವ ರಿಗ್ರೆಶನ್ ಟೆಸ್ಟ್‌ನ ನಿಯಮ: ಒಂದು ದೂರು ಬಂದು ಅದರ ಕಾರಣ ಸಿಕ್ಕ ಮೇಲೆ, ಆ ಕಾರಣವನ್ನು ಮೊದಲೇ ಹಿಡಿಯುವ ಒಂದು ಸಾಲು ಚೆಕ್‌ಲಿಸ್ಟ್‌ಗೆ ಸೇರದೆ ದೂರು ಕ್ಲೋಸ್ ಆಗುವ ಹಾಗಿಲ್ಲ.

ಒಂದು ಸಲ ಸೂಕ್ಷ್ಮ ತೂಕದ ಯಂತ್ರವೊಂದು ದೂರದ, ಎತ್ತರದ ಜಾಗಕ್ಕೆ ಹೋಯಿತು. ಅಲ್ಲಿ ಅಂಕಿ ಸರಿ ಬರಲಿಲ್ಲ. ಟೆಕ್ನಿಷಿಯನ್ ಹೇಳಿದರು, "ಸರ್, ನಮ್ಮಲ್ಲಿ ನೋಡಿದಾಗ ಸರಿಯಾಗೇ ತೋರಿಸ್ತಿತ್ತು." ಪ್ರೋಗ್ರಾಮರ್‌ಗಳಿಗೆ ಈ ಮಾತು ಚೆನ್ನಾಗಿ ಗೊತ್ತು, ನನ್ನ ಕಂಪ್ಯೂಟರ್‌ನಲ್ಲಿ ಓಡುತ್ತಿದೆ ಅನ್ನುವುದು ಇದೇ. ಅವರ ಮಾತು ನಿಜವೂ ಆಗಿತ್ತು. ಯಂತ್ರದೊಳಗೆ ಭಾರ ಗ್ರಹಿಸುವ ಭಾಗವಾದ ಲೋಡ್ ಸೆಲ್ ಅಳೆಯುವುದು ದ್ರವ್ಯರಾಶಿಯನ್ನಲ್ಲ, ಅದರ ಮೇಲೆ ಬೀಳುವ ಬಲವನ್ನು. ಗುರುತ್ವ ಎಲ್ಲ ಕಡೆ ಒಂದೇ ಸಮ ಇಲ್ಲ, ಸಮಭಾಜಕದಲ್ಲಿ ಸುಮಾರು 9.78 ಮೀ/ಸೆ², ಧ್ರುವದಲ್ಲಿ 9.83, ಎತ್ತರಕ್ಕೆ ಹೋದಂತೆ ಇನ್ನೂ ಸ್ವಲ್ಪ ಕಡಿಮೆ. ಸಮಭಾಜಕದಲ್ಲಿ ಹೊಂದಿಸಿದ ಯಂತ್ರವನ್ನು ಧ್ರುವಕ್ಕೆ ಒಯ್ದರೆ 10 ಕಿಲೋಗೆ ಸುಮಾರು 50 ಗ್ರಾಂ ಜಾಸ್ತಿ ತೋರಿಸುತ್ತೆ. ಅಷ್ಟು ದೂರ ಯಾರೂ ಒಯ್ಯುವುದಿಲ್ಲ, ಆದರೆ ಸೂಕ್ಷ್ಮ ಯಂತ್ರಕ್ಕೆ ಅದರ ಒಂದು ಸಣ್ಣ ಪಾಲೇ ಸಾಕು. ಅವತ್ತಿನಿಂದ ಚೆಕ್‌ಲಿಸ್ಟ್ ಎರಡು ಭಾಗ ಆಯಿತು, ನಮ್ಮ ಮೇಜಿನ ಮೇಲೆ ಮಾಡುವುದು ಒಂದು, ಯಂತ್ರ ಕೂರುವ ಜಾಗದಲ್ಲೇ ಮಾಡುವುದು ಇನ್ನೊಂದು. ಲೆವೆಲ್ ಗುಳ್ಳೆ ಮಧ್ಯದಲ್ಲಿದೆಯಾ, ಫ್ಯಾನ್ ಗಾಳಿ ಬಡಿಯುತ್ತಾ, ಅಲ್ಲೇ ಕ್ಯಾಲಿಬ್ರೇಟ್ ಮಾಡಿ ಆಯಿತಾ, ಇಷ್ಟು ನೋಡದೆ ಗಿರಾಕಿಯ ಸಹಿ ತೆಗೆದುಕೊಳ್ಳುವುದಿಲ್ಲ.

ಏನಾದರೂ ಎಡವಟ್ಟಾದಾಗ ಯಾರು ಮಾಡಿದ್ದು ಅಂತ ಹುಡುಕದೆ, ಹೇಗಾಯಿತು ಅಂತ ಹುಡುಕುವ ಪೋಸ್ಟ್‌ಮಾರ್ಟಂ ಪದ್ಧತಿಯನ್ನೂ ತಂದೆವು. ಒಂದು ಯಂತ್ರ ಗಿರಾಕಿಯ ಹಳೆಯ ಗೋಡೌನ್‌ಗೆ ಹೋಗಿಬಿಟ್ಟಿತ್ತು. ಯಾಕೆ? ಡ್ರೈವರ್ ಹತ್ತಿರ ಇದ್ದಿದ್ದು ಹಳೆಯ ವಿಳಾಸ. ಯಾಕೆ? ಅವರಿಗೆ ಕೊಟೇಶನ್‌ನಿಂದ ಕಾಪಿ ಮಾಡಿ ಕಳಿಸಿದ್ದರು. ಹೊಸ ವಿಳಾಸ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಇತ್ತು, ಕೊಟೇಶನ್‌ನಲ್ಲಿ ಇರಲಿಲ್ಲ. ಯಾಕೆ? ಒಂದೇ ವಿಳಾಸ ಮೂರು ಕಡೆ ಇತ್ತು, ತಿದ್ದಿದವರು ತಮಗೆ ಕಾಣುವ ಒಂದು ಕಡೆ ತಿದ್ದಿದ್ದರು. ಹೀಗೆ ಯಾಕೆ, ಯಾಕೆ ಅಂತ ಕೇಳುತ್ತಾ ಇಳಿಯುವುದು ಟೊಯೋಟಾ ಕಾರ್ಖಾನೆಗಳಲ್ಲಿ ಬೆಳೆದ ಪದ್ಧತಿ. ಇನ್ಮೇಲೆ ಹುಷಾರಾಗಿರಿ ಅಂತ ಹೇಳಿ ಕಳಿಸುವುದು ಸುಲಭ, ಆದರೆ ಮೂರು ವಿಳಾಸ ಮೂರಾಗೇ ಉಳಿಯುತ್ತಿತ್ತು. ಈಗ ವಿಳಾಸ ಒಂದೇ ಕಡೆ ಇದೆ, ಉಳಿದ ಎಲ್ಲ ಅಲ್ಲಿಂದ ಎತ್ತಿಕೊಳ್ಳುತ್ತವೆ. ಬೈಗುಳ ಇಲ್ಲ ಅಂತ ಖಾತ್ರಿಯಾದ ಮೇಲೆ ಜನ ಸಣ್ಣ ಸಣ್ಣ ಎಡವಟ್ಟುಗಳನ್ನೂ ತಾವಾಗೇ ಬಂದು ಹೇಳಲು ಶುರು ಮಾಡಿದರು. ನನಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಕಾಣಲಿಲ್ಲ.

ರಿಪೇರಿ ಮೇಜಿಗೆ, ಯಾವ ಕೆಲಸ ಯಾವ ಹಂತದಲ್ಲಿದೆ ಅಂತ ತೋರಿಸುವ ಕಾನ್‌ಬಾನ್ ಬೋರ್ಡ್ ಇದೆ, ಅದೂ ಮೂಲದಲ್ಲಿ ಟೊಯೋಟಾದ್ದೇ. ಬೋರ್ಡಿಗಿಂತ ಅದರ ಹಿಂದಿರುವ ಲೆಕ್ಕ ಮುಖ್ಯ, ಇದನ್ನು ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿದ್ದು: ಕೈಯಲ್ಲಿರುವ ಕೆಲಸವನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಸರಾಸರಿ ಕಾಯುವ ಸಮಯ. ದಿನಕ್ಕೆ 5 ಯಂತ್ರ ಮುಗಿಯುತ್ತಿದ್ದು, ಯಾವಾಗಲೂ 30 ಯಂತ್ರ ಒಳಗಿದ್ದರೆ 6 ದಿನ. ವೇಗ ಅಷ್ಟೇ ಇದ್ದು 45 ಒಳಗಿಟ್ಟುಕೊಂಡರೆ 9 ದಿನ. ಹಾಗಾಗಿ ಒಬ್ಬರ ಮೇಜಿನ ಮೇಲೆ ಬಿಚ್ಚಿದ ಯಂತ್ರ ಎರಡಕ್ಕಿಂತ ಜಾಸ್ತಿ ಇರುವಂತಿಲ್ಲ. ಸ್ಪೇರ್‌ಗಾಗಿ ಕಾಯುತ್ತಿರುವವು ಚೀಟಿ ಅಂಟಿಸಿಕೊಂಡು ಬೇರೆ ಕಪಾಟಿಗೆ. ಆ ಕಪಾಟು ತುಂಬಿದರೆ ತೊಂದರೆ ಇರುವುದು ರಿಪೇರಿಯಲ್ಲಲ್ಲ, ಖರೀದಿಯಲ್ಲಿ ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತೆ.

ಹೊಂದದ್ದೂ ಇದೆ. ಸಾಫ್ಟ್‌ವೇರ್‌ನಲ್ಲಿ ಕೆಟ್ಟ ರಿಲೀಸ್ ಹೋದರೆ ಹಿಂದಿನ ಆವೃತ್ತಿಗೆ ವಾಪಸ್ ಹೋಗಬಹುದು. ಕಳಿಸಿದ ಕೊಟೇಶನ್, ಏರಿಸಿದ ದರ, ಕೊಟ್ಟ ಮಾತು ಹಾಗಲ್ಲ. ದರ ಏರಿಸಿ ಮತ್ತೆ ಇಳಿಸಿದರೆ ಗಿರಾಕಿಗೆ ಎರಡೂ ನೆನಪಿರುತ್ತೆ. ಅದಕ್ಕೇ ವಾರ್ಷಿಕ ಸರ್ವಿಸ್ ಒಪ್ಪಂದದ ದರ ಬದಲಿಸಬೇಕಾದಾಗ, ಹೊಸದನ್ನು ಮೊದಲು ಸ್ವಲ್ಪ ಜನರಿಗಷ್ಟೇ ಕೊಟ್ಟು ನೋಡುವ ಕ್ಯಾನರಿ ರಿಲೀಸ್ ದಾರಿ ಹಿಡಿಯುತ್ತೇವೆ. ಹೊಸ ದರ ಮೊದಲು ಹೊಸದಾಗಿ ಕೇಳಿಕೊಂಡು ಬಂದವರಿಗಷ್ಟೇ. ಅವರು ಏನು ಕೇಳುತ್ತಾರೆ, ಎಲ್ಲಿ ಹಿಂಜರಿಯುತ್ತಾರೆ ಅನ್ನುವುದನ್ನು ಫೈಲಿನಲ್ಲಿ ಬರೆಯುತ್ತಾ ಹೋಗುತ್ತೇವೆ. ಹಳೆಯ ಗಿರಾಕಿಗಳಿಗೆ ಒಪ್ಪಂದ ಮುಗಿಯುವವರೆಗೆ ಹಳೆಯ ದರವೇ, ನವೀಕರಣಕ್ಕೆ ಒಂದು ತಿಂಗಳ ಮೊದಲು ಫೋನ್ ಮಾಡಿ ಹೊಸ ದರವನ್ನೂ ಅದರ ಕಾರಣವನ್ನೂ ಹೇಳುತ್ತೇವೆ. ಆ ಫೋನ್ ಮಾಡುವವರು ಫೈಲ್ ತೆರೆದಿಟ್ಟುಕೊಂಡೇ ಮಾತಾಡುತ್ತಾರೆ.