ನವೆಗೆ ಅಂಕ ಕೊಡುವ ಕೆಲಸ

ಅಟೋಪಿಕ್ ಡರ್ಮಟೈಟಿಸ್, ಅಂದರೆ ಎಸ್ಜಿಮಾ ಎಂದು ಕರೆಯುವ ನವೆಯ ಚರ್ಮದ ಕಾಯಿಲೆ. ಅದರ ಸಂಶೋಧನೆ ಅಂದಕೂಡಲೇ ಜನ ಮೈಕ್ರೋಸ್ಕೋಪು, ಜೀನು, ಹೊಸ ಇಂಜೆಕ್ಷನ್ನು ಎಂದು ಊಹಿಸಿಕೊಳ್ಳುತ್ತಾರೆ. ಅವೆಲ್ಲ ಇವೆ, ನಿಜ. ಆದರೆ ಈ ಕ್ಷೇತ್ರದಲ್ಲಿ ನನ್ನ ಬಹುಪಾಲು ಹೊತ್ತು ಕಳೆದಿರುವುದು ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕತ್ತು, ಕಣ್ಣಿನ ಸುತ್ತಲಿನ ಚರ್ಮ ನೋಡುತ್ತ, ನೋಡಿದ್ದಕ್ಕೆ ಅಂಕ ಹಾಕುತ್ತ. ನಾನು ಚರ್ಮವೈದ್ಯೆ. ಔಷಧಿಯನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಟ್ರಯಲ್‌ಗಳಲ್ಲಿ ನನ್ನ ಪಾತ್ರ ಮೌಲ್ಯಮಾಪಕಿಯದ್ದು. ಯಾರಿಗೆ ಔಷಧಿ, ಯಾರಿಗೆ ಪ್ಲಸೀಬೊ (ಔಷಧಿಯಂತೆಯೇ ಕಾಣುವ, ಒಳಗೆ ಔಷಧಿಯಿಲ್ಲದ ನಕಲು) ಹೋಗುತ್ತಿದೆ ಎಂಬುದು ನನಗೆ ಗೊತ್ತಿರುವುದಿಲ್ಲ, ಗೊತ್ತಾಗಲೂ ಬಾರದು.

ಇಷ್ಟೊಂದು ಅಂಕ ಯಾಕೆ ಬೇಕು? ಈ ಕಾಯಿಲೆ ಎಷ್ಟು ಜೋರಾಗಿದೆ ಎಂದು ಹೇಳುವ ರಕ್ತಪರೀಕ್ಷೆ ದಿನನಿತ್ಯದ ಬಳಕೆಯಲ್ಲಿ ಇಲ್ಲ. ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯ ಹೆಚ್ಚಿರುವವರು ಬಹಳ ಮಂದಿ. ಆದರೆ ಐಜಿಇ ಆಕಾಶಕ್ಕೇರಿದ್ದರೂ ಚರ್ಮ ಅಷ್ಟೇನೂ ಕೆಡದವರಿದ್ದಾರೆ. ಐಜಿಇ ಮಾಮೂಲಿ ಮಟ್ಟದಲ್ಲೇ ಇದ್ದು ರಾತ್ರಿಯಿಡೀ ಕೆರೆದುಕೊಳ್ಳುವವರೂ ಇದ್ದಾರೆ. ಹಾಗಾಗಿ ಉಳಿಯುವುದು ಮೂರೇ ಸಾಧನ: ಕಣ್ಣು, ಕೈ, ಕೇಳುವ ಪ್ರಶ್ನೆ. ಇವು ಮೂರೂ ಮನುಷ್ಯರಿಂದ ಮನುಷ್ಯರಿಗೆ ಬದಲಾಗುತ್ತವೆ. ಆ ಬದಲಾವಣೆಯನ್ನು ಆದಷ್ಟು ಅದುಮಿ ಇಡುವುದೇ ನನ್ನ ಕಸುಬು.

ಮೊದಲಿಗೆ, ಬಂದವರಿಗೆ ಇರುವುದು ಇದೇ ಕಾಯಿಲೆಯೇ ಎಂದು ಖಾತ್ರಿಯಾಗಬೇಕು. 1980ರಲ್ಲಿ ಚರ್ಮವೈದ್ಯರಾದ ಹ್ಯಾನಿಫಿನ್ ಮತ್ತು ರಾಜ್ಕಾ ಕೊಟ್ಟ ಮಾನದಂಡಗಳನ್ನೇ ಇವತ್ತಿಗೂ ಬಹಳಷ್ಟು ಟ್ರಯಲ್‌ಗಳು ಬಳಸುತ್ತವೆ. ನವೆ, ವಯಸ್ಸಿಗೆ ತಕ್ಕ ಜಾಗದಲ್ಲಿ ತಕ್ಕ ರೀತಿಯ ದದ್ದು, ಬಿಟ್ಟು ಬಿಟ್ಟು ಮರುಕಳಿಸುವ ಸ್ವಭಾವ, ತಮಗೋ ಮನೆಯವರಿಗೋ ಆಸ್ತಮಾ, ಅಲರ್ಜಿಯ ನೆಗಡಿಯಂಥ ತೊಂದರೆ: ಈ ನಾಲ್ಕರಲ್ಲಿ ಕನಿಷ್ಠ ಮೂರು ಇರಬೇಕು. ಜತೆಗೆ ಉದ್ದನೆಯ ಕಿರು ಲಕ್ಷಣಗಳ ಪಟ್ಟಿಯಲ್ಲಿ ಮೂರು ಸಿಗಬೇಕು. ಕಾಗದದ ಮೇಲೆ ಇದು ಸಲೀಸು. ನಿಜವಾದ ಶ್ರಮ ಇರುವುದು ಹೊರಗಿಡುವುದರಲ್ಲಿ. ನಾನು ಎಲ್ಲರ ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ನೋಡುತ್ತೇನೆ. ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಶುರುವಾಗಿದೆಯೇ ಎಂದು ಕೇಳುತ್ತೇನೆ. ಕಜ್ಜಿ ಹೀಗೆ ಎಸ್ಜಿಮಾದ ವೇಷದಲ್ಲಿ ಬರುವುದುಂಟು. ನಡುವಯಸ್ಸಿನಲ್ಲಿ ಮೊದಲ ಸಲ ಕಾಣಿಸಿಕೊಂಡು ಯಾವ ಮುಲಾಮಿಗೂ ಬಗ್ಗದ ದದ್ದಾದರೆ ಬಯಾಪ್ಸಿ ಮಾಡಿಸದೆ ಮುಂದುವರಿಯುವುದಿಲ್ಲ. ಚರ್ಮದ ಲಿಂಫೋಮಾ ಎಂಬ ಕ್ಯಾನ್ಸರ್ ಕೆಲವೊಮ್ಮೆ ವರ್ಷಗಟ್ಟಲೆ ಎಸ್ಜಿಮಾದಂತೆಯೇ ಕಾಣುತ್ತದೆ.

ಇನ್ನು ಅಂಕದ ವಿಷಯ. ನಾವು ಬಳಸುವ ಮುಖ್ಯ ಅಳತೆಗೋಲು ಈಸಿ, ಅಂದರೆ ಎಸ್ಜಿಮಾದ ಹರವು ಮತ್ತು ತೀವ್ರತೆಯ ಸೂಚ್ಯಂಕ. ಹೆಸರು ಈಸಿ, ಕೆಲಸ ಅಲ್ಲ. ಮೈಯನ್ನು ತಲೆ ಮತ್ತು ಕತ್ತು, ಕೈಗಳು, ಮುಂಡ, ಕಾಲುಗಳು ಎಂದು ನಾಲ್ಕು ಭಾಗ ಮಾಡುತ್ತೇವೆ. ಪ್ರತಿ ಭಾಗದಲ್ಲೂ ಕೆಂಪು, ಊತ, ಕೆರೆದ ಗಾಯ, ಚರ್ಮ ದಪ್ಪಗಟ್ಟಿರುವುದು ಎಂಬ ನಾಲ್ಕು ಲಕ್ಷಣಗಳಿಗೆ 0ಯಿಂದ 3ರವರೆಗೆ ಅಂಕ. ಆ ಭಾಗದ ಎಷ್ಟು ಚರ್ಮ ಕೆಟ್ಟಿದೆ ಎಂಬುದಕ್ಕೆ 0ಯಿಂದ 6. ಲಕ್ಷಣಗಳ ಮೊತ್ತವನ್ನು ಹರವಿನ ಅಂಕದಿಂದ ಗುಣಿಸಿ, ಮತ್ತೆ ಆ ಭಾಗಕ್ಕೆ ಗೊತ್ತುಪಡಿಸಿದ ಪ್ರಮಾಣದಿಂದ ಗುಣಿಸಬೇಕು. 8 ವರ್ಷ ತುಂಬಿದವರಿಗೆ ತಲೆಗೆ 0.1, ಕೈಗೆ 0.2, ಮುಂಡಕ್ಕೆ 0.3, ಕಾಲಿಗೆ 0.4. ಅದಕ್ಕಿಂತ ಚಿಕ್ಕ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಆದ್ದರಿಂದ ಅವರಿಗೆ ತಲೆಗೆ 0.2, ಕಾಲಿಗೆ 0.3. ಎಲ್ಲ ಸೇರಿ ಗರಿಷ್ಠ 72.

ಹರವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಎಲ್ಲರೂ ಹೆಚ್ಚೇ ಹೇಳುತ್ತಾರೆ. ಚದುರಿದ ಮಚ್ಚೆಗಳು ಕಣ್ಣಿಗೆ ದೊಡ್ಡದಾಗಿ ಕಾಣುತ್ತವೆ. ನಾನು ರೋಗಿಯ ಅಂಗೈಯನ್ನೇ ಅಳತೆಯಾಗಿ ಹಿಡಿಯುತ್ತೇನೆ, ನನ್ನದನ್ನಲ್ಲ. ಬೆರಳು ಸೇರಿದಂತೆ ಅವರ ಅಂಗೈ ಅವರ ಮೈಯ ಸುಮಾರು 1%. ಅಂದರೆ ದೊಡ್ಡವರ ತಲೆ ಮತ್ತು ಕತ್ತಿನ ಭಾಗದಲ್ಲಿ ಒಂದು ಅಂಗೈ 10%, ಕೈಗಳಲ್ಲಿ 5%, ಕಾಲುಗಳಲ್ಲಿ ಬರೀ 2.5%. ಚೆದುರಿದ್ದನ್ನೆಲ್ಲ ಮನಸ್ಸಿನಲ್ಲೇ ಒಟ್ಟುಗೂಡಿಸಿ ಎಷ್ಟು ಅಂಗೈ ಆಯಿತು ಎಂದು ಎಣಿಸುತ್ತೇನೆ. ಬರೀ ಒಣಗಿದ ಚರ್ಮ ಲೆಕ್ಕಕ್ಕಿಲ್ಲ. ಹಳೆಯ ಉರಿಯೂತ ಬಿಟ್ಟುಹೋದ ಕಪ್ಪು ಕಲೆಯೂ ಲೆಕ್ಕಕ್ಕಿಲ್ಲ. ಹೊಸದಾಗಿ ತರಬೇತಿಗೆ ಬರುವವರು ಎಡವುವುದು ಹೆಚ್ಚಾಗಿ ಈ ಕಪ್ಪು ಕಲೆಯಲ್ಲೇ: ರೋಗಿಗೆ ಅದೇ ದೊಡ್ಡ ಸಂಕಟ, ತೋರಿಸುವುದೂ ಅದನ್ನೇ, ಆದರೆ ಅಲ್ಲಿ ಈಗ ಕಾಯಿಲೆ ಇಲ್ಲ.

ಇದಕ್ಕಿಂತ ಕಷ್ಟದ್ದು ಕೆಂಪು. ಈ ಅಳತೆಗೋಲುಗಳು ರೂಪುಗೊಂಡದ್ದು ಬಹುಮಟ್ಟಿಗೆ ಬಿಳಿ ಚರ್ಮ ನೋಡಿದ ಕಣ್ಣುಗಳಿಂದ. ಕಂದು, ಕಪ್ಪು ಚರ್ಮದಲ್ಲಿ ಉರಿಯೂತ ಕೆಂಪಗೆ ಕಾಣದೆ ನೇರಳೆಯಾಗಿಯೋ ಬೂದಿ ಬಣ್ಣದಲ್ಲಿಯೋ ಇಲ್ಲವೇ ಬರೀ ಇನ್ನಷ್ಟು ಕಪ್ಪಾಗಿಯೋ ಕಾಣುತ್ತದೆ. ಲಂಡನ್ನಿನ ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೆನ್ನಾಗಿ ಬಯಲಿಗೆಳೆಯಿತು. ಕೆಂಪಿನ ಅಂಕದ ಪ್ರಭಾವವನ್ನು ಲೆಕ್ಕದಲ್ಲಿ ಸರಿಪಡಿಸಿದಾಗ, ಕಪ್ಪು ಮಕ್ಕಳಲ್ಲಿ ತೀವ್ರ ಕಾಯಿಲೆ ಇರುವ ಸಾಧ್ಯತೆ ಬಿಳಿ ಮಕ್ಕಳಿಗಿಂತ ಸುಮಾರು ಆರು ಪಟ್ಟು ಹೆಚ್ಚೆಂದು ಕಂಡಿತು. ಕಾಯಿಲೆ ಅಲ್ಲೇ ಇತ್ತು, ನೋಡುವವರಿಗೆ ಕಂಡಿರಲಿಲ್ಲ.

ಒಂದು ಅಂಕ ತಪ್ಪಿದರೆ ಏನಾಗುತ್ತದೆ ನೋಡಿ. ಕಾಲುಗಳ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗಕ್ಕೆ ದದ್ದು ಹರಡಿದೆ, ಹರವಿನ ಅಂಕ 4. ಅಲ್ಲಿ ಕೆಂಪಿಗೆ 2ರ ಬದಲು 1 ಬರೆದರೆ ಒಟ್ಟು ಅಂಕದಲ್ಲಿ 1.6 ಹೋಯಿತು. ಅನೇಕ ಟ್ರಯಲ್‌ಗಳಿಗೆ ಸೇರಲು ಕನಿಷ್ಠ 16 ಬೇಕು. 16.8 ಇರಬೇಕಾದವರು 15.2ಕ್ಕೆ ಇಳಿದು ಬಾಗಿಲಲ್ಲೇ ಉಳಿದರು. ಇಂಥವರು ಹೊರಗುಳಿಯುತ್ತ ಹೋದಂತೆ, ಔಷಧಿ ಅವರಂಥ ಚರ್ಮದ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬ ಮಾಹಿತಿಯೂ ಹೊರಗೇ ಉಳಿಯುತ್ತದೆ. ಕಪ್ಪು ಚರ್ಮದಲ್ಲಿ ಕೆಂಪು ಅಂದಾಜಿಗೆ ಸಿಗದಿದ್ದರೆ ಒಂದು ಹಂತ ಏರಿಸಬಹುದೆಂದು ಈಸಿ ಕೈಪಿಡಿಯಲ್ಲಿದೆ. ನಾನು ಅದಕ್ಕೆ ಮೊದಲು ಬೇರೆ ದಾರಿಗಳನ್ನು ನೋಡುತ್ತೇನೆ. ಕೋಣೆಯ ಬೆಳಕು ಪ್ರತಿ ಭೇಟಿಯಲ್ಲೂ ಒಂದೇ ಆಗಿರಬೇಕು. ದದ್ದಿನ ಪಕ್ಕದ ಆರೋಗ್ಯವಂತ ಚರ್ಮದ ಜತೆ ಹೋಲಿಸಬೇಕು. ಬೆರಳಿನಿಂದ ಒತ್ತಿ ಬಿಟ್ಟು ಬಣ್ಣ ಮರಳುವುದನ್ನು ನೋಡಬೇಕು. ಊತವನ್ನಂತೂ ಕಣ್ಣಿಗಿಂತ ಬೆರಳ ತುದಿ ಚೆನ್ನಾಗಿ ಹೇಳುತ್ತದೆ.

ಇಷ್ಟೆಲ್ಲ ಮಾಡಿದರೂ ಈಸಿಯಲ್ಲಿ ನವೆಗೆ ಜಾಗವಿಲ್ಲ. ಕೆರೆದ ಗಾಯಕ್ಕಿದೆ, ನವೆಗಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು. ಕಳೆದ 24 ಗಂಟೆಗಳಲ್ಲಿ ನವೆ ಅತಿ ಹೆಚ್ಚಾಗಿದ್ದಾಗ 0ಯಿಂದ 10ರಲ್ಲಿ ಎಷ್ಟಿತ್ತು ಎಂಬುದು ಒಂದು ಪ್ರಶ್ನೆ. ಇನ್ನೊಂದು ಪೋಯಮ್ ಎಂಬ ಏಳು ಪ್ರಶ್ನೆಗಳ ಪಟ್ಟಿ. ಕಳೆದ ವಾರ ಎಷ್ಟು ದಿನ ನವೆಯಿತ್ತು, ಎಷ್ಟು ರಾತ್ರಿ ನಿದ್ದೆ ಕೆಟ್ಟಿತು, ರಕ್ತ ಬಂತೇ, ನೀರು ಸೋರಿತೇ, ಬಿರುಕು, ಹೊಟ್ಟು, ಒಣಗುವಿಕೆ. ಒಟ್ಟು 28 ಅಂಕ. ಈ ಹಾಳೆಯನ್ನು ನಾನು ಮೈ ನೋಡುವ ಮೊದಲೇ ತುಂಬಿಸುತ್ತೇನೆ. ನೋಡಿದ ಮೇಲೆ ನನ್ನ ಮುಖದ ಮೇಲೆ 'ಪರವಾಗಿಲ್ಲ' ಎಂಬ ಭಾವ ಮೂಡಿದರೂ ಸಾಕು, ಜನ ಅದಕ್ಕೆ ತಕ್ಕಂತೆ ಬರೆದುಬಿಡುತ್ತಾರೆ. ಅಂಕಕ್ಕೆ ನಾಚಿಕೊಳ್ಳುವವರೂ ಇದ್ದಾರೆ. 'ಇಷ್ಟು ಒಳ್ಳೆಯ ಔಷಧಿ ಕೊಟ್ಟಿದ್ದೀರಿ, ಇನ್ನೂ ನವೆ ಎಂದು ಹೇಗೆ ಹೇಳಲಿ ಡಾಕ್ಟ್ರೇ' ಎಂದು ಒಬ್ಬರು ಕೇಳಿದ್ದರು. ಅವರ ಕೈಗೆ ಯಾವ ಟ್ಯೂಬು ಹೋಗಿದೆಯೋ ನನಗೇ ಗೊತ್ತಿಲ್ಲ ಎಂದು ಹೇಳಬೇಕಾಯಿತು.

ಮಕ್ಕಳ ವಿಷಯದಲ್ಲಿ ಉತ್ತರ ಬರುವುದು ತಾಯಿಯಿಂದ. ಮಗು ಒಂದೇ ಕೋಣೆಯಲ್ಲಿ ಮಲಗುತ್ತದೆಯೋ ಬೇರೆಯೋ ಎಂಬುದರ ಮೇಲೆ ನಿದ್ದೆಯ ಅಂಕ ಬದಲಾಗುವುದನ್ನು ನೋಡಿದ್ದೇನೆ. ಕೇಳಿಸಿದ ಕೆರೆತವನ್ನಷ್ಟೇ ತಾಯಿ ಎಣಿಸಬಲ್ಲಳು. ಅದಕ್ಕೇ ಹಾಳೆ ತುಂಬಿದವರು ಯಾರು ಎಂದು ಪ್ರತಿ ಸಲ ಬರೆದಿಡುತ್ತೇನೆ, ಮುಂದಿನ ಸಲವೂ ಅವರೇ ತುಂಬಲಿ ಎಂದು ಕೇಳಿಕೊಳ್ಳುತ್ತೇನೆ.

ಹೊರಗಿನವರಿಗೆ ಅಚ್ಚರಿಯಾಗುವ ಸಂಗತಿಯೆಂದರೆ ಪ್ಲಸೀಬೊ ಗುಂಪೂ ಸುಧಾರಿಸುತ್ತದೆ. ಐಎಲ್-4 ಮತ್ತು ಐಎಲ್-13 ಎಂಬ ಎರಡು ಉರಿಯೂತದ ಸಂದೇಶಗಳನ್ನು ತಡೆಯುವ ಇಂಜೆಕ್ಷನ್ ಡುಪಿಲುಮಾಬ್‌ನ ಮೊದಲ ದೊಡ್ಡ ಟ್ರಯಲ್ಲು 2016ರಲ್ಲಿ ಪ್ರಕಟವಾಯಿತು. 16 ವಾರಗಳಲ್ಲಿ ಚರ್ಮ ಪೂರ್ತಿ ಇಲ್ಲವೇ ಬಹುತೇಕ ಶುಭ್ರವಾದವರು ಎರಡು ವಾರಕ್ಕೊಮ್ಮೆ ಔಷಧಿ ಪಡೆದ ಗುಂಪಿನಲ್ಲಿ 38%, ಪ್ಲಸೀಬೊ ಗುಂಪಿನಲ್ಲಿ 10%. ಆ ಹತ್ತನ್ನು ಬರೀ 'ಮನಸ್ಸಿನ ಮಹಿಮೆ' ಎಂದು ತಳ್ಳಿಹಾಕಬೇಡಿ. ಜನ ಟ್ರಯಲ್‌ಗೆ ಸೇರುವುದೇ ಕಾಯಿಲೆ ಕೆರಳಿದ ಕಾಲದಲ್ಲಿ, ಏರಿದ್ದು ತಾನಾಗಿಯೇ ಇಳಿಯುತ್ತದೆ. ಜತೆಗೆ ದಿನಾ ತಪ್ಪದೆ ಮಾಯ್ಶ್ಚರೈಸರ್ ಹಚ್ಚಲು ಶುರುಮಾಡುತ್ತಾರೆ. ಮುಲಾಮಿನ ಟ್ರಯಲ್‌ಗಳಲ್ಲಂತೂ ಔಷಧಿ ಇಲ್ಲದ ಬರೀ ಮುಲಾಮೇ ಚರ್ಮಕ್ಕೆ ಉಪಕಾರ ಮಾಡುತ್ತದೆ. ಆದ್ದರಿಂದ ನಾನು ಮಾಯ್ಶ್ಚರೈಸರ್ ಡಬ್ಬಿಯನ್ನು ಪ್ರತಿ ಭೇಟಿಗೂ ತರಿಸಿ ತೂಗಿಸುತ್ತೇನೆ. 'ದಿನಾ ಹಚ್ಚುತ್ತೇನೆ' ಎಂಬ ಮಾತಿಗಿಂತ ತಕ್ಕಡಿಯನ್ನು ನಂಬುವುದು ನನ್ನ ಪದ್ಧತಿ.

ಗುಟ್ಟು ಕಾಯುವುದೂ ಅಷ್ಟು ಸುಲಭವಲ್ಲ. ಡುಪಿಲುಮಾಬ್ ಪಡೆದ ಕೆಲವರಿಗೆ ಕಣ್ಣು ಕೆಂಪಾಗುತ್ತದೆ, ಇದು ಗೊತ್ತಿರುವ ಅಡ್ಡಪರಿಣಾಮ. ನಾನು ಮೈ ನೋಡುವಾಗ ಅವರು ಕಣ್ಣಿನ ಮಾತೆತ್ತಿದರೆ ನನಗೆ ಸುಳಿವು ಸಿಕ್ಕಂತೆಯೇ. ಅದಕ್ಕಾಗಿ ಅಡ್ಡಪರಿಣಾಮ ಕೇಳುವವರು ಬೇರೆ, ಅಂಕ ಹಾಕುವವಳು ಬೇರೆ ಎಂದು ಮಾಡಿಕೊಂಡಿದ್ದೇವೆ. ನನ್ನ ಕೋಣೆಗೆ ಬರುವ ಮುನ್ನವೇ ನರ್ಸ್ ಅವರಿಗೆ ಹೇಳಿರುತ್ತಾರೆ: ಒಳಗೆ ಔಷಧಿಯ ಮಾತು ಬೇಡ. ಮುಖಕ್ಕೆ ಅಂಕ ಹಾಕುವಾಗ ಕಣ್ಣು ಕಂಡೇ ಕಾಣುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ಕಾಣುತ್ತದೆ. ಈ ವ್ಯವಸ್ಥೆಗೆ ಇಂಥ ಸಂದುಗಳಿವೆ.

ಯಂತ್ರಗಳೂ ಇವೆ. ಚರ್ಮದಿಂದ ಆವಿಯಾಗುವ ನೀರನ್ನು ಅಳೆಯುವ ಉಪಕರಣದಿಂದ ಚರ್ಮದ ತಡೆಗೋಡೆ ಎಷ್ಟು ಸೋರುತ್ತಿದೆ ಎಂದು ತಿಳಿಯುತ್ತದೆ. ಬಂದವರನ್ನು ಸುಮಾರು 20 ನಿಮಿಷ ತಣ್ಣಗೆ ಕೂರಿಸದೆ ಅಳೆದರೆ ಬೆವರಿನ ಆವಿಯೂ ಸೇರಿಕೊಂಡು ಅಂಕಿ ಕೆಡುತ್ತದೆ. ಅಂಟುಪಟ್ಟಿ ಒತ್ತಿ ಎತ್ತಿ ಮೇಲ್ಪದರದ ಕೋಶಗಳನ್ನು ತೆಗೆದುಕೊಳ್ಳುವ ವಿಧಾನ ಮಕ್ಕಳಿಗೆ ಹೇಳಿಮಾಡಿಸಿದ್ದು, ಸೂಜಿ ಬೇಕಿಲ್ಲ.

ಈ ಸೋರುವ ಗೋಡೆಯ ಕತೆಯಲ್ಲಿ ನಮಗೆಲ್ಲ ಪಾಠವಾದ ಒಂದು ಪ್ರಸಂಗವಿದೆ. 2006ರಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿದ್ದವರಿಗೆ ಈ ಕಾಯಿಲೆಯ ಅಪಾಯ ಹೆಚ್ಚೆಂದು ಸಾಬೀತಾಯಿತು. ಗೋಡೆ ಮೊದಲು ಬಿರುಕು ಬಿಡುತ್ತದೆ, ಅಲರ್ಜಿ ಆ ಬಿರುಕಿನಿಂದ ನುಗ್ಗುತ್ತದೆ ಎಂಬ ವಿಚಾರಕ್ಕೆ ಬಲ ಬಂತು. ಹಾಗಾದರೆ ಹುಟ್ಟಿದಾಗಿನಿಂದಲೇ ಮಾಯ್ಶ್ಚರೈಸರ್ ಹಚ್ಚಿದರೆ ಕಾಯಿಲೆಯೇ ಬಾರದಲ್ಲ? 2014ರಲ್ಲಿ 124 ನವಜಾತ ಶಿಶುಗಳ ಪುಟ್ಟ ಟ್ರಯಲ್ ಅಪಾಯ ಅರ್ಧಕ್ಕಿಳಿಯಿತು ಎಂದಿತು. ಎಲ್ಲರೂ ನಂಬಿದೆವು, ನಂಬಲು ಆಸೆಯೂ ಇತ್ತು. 2020ರಲ್ಲಿ ಬ್ರಿಟನ್ನಿನ ಬೀಪ್ ಟ್ರಯಲ್ 1394 ಶಿಶುಗಳ ಫಲಿತಾಂಶ ಕೊಟ್ಟಿತು. ಎರಡು ವರ್ಷದ ಹೊತ್ತಿಗೆ ಎಸ್ಜಿಮಾ ಬಂದಿದ್ದು ಹಚ್ಚಿದವರಲ್ಲಿ 23%, ಹಚ್ಚದವರಲ್ಲಿ 25%. ಅಂದರೆ ವ್ಯತ್ಯಾಸವಿಲ್ಲ. ಚರ್ಮದ ಸೋಂಕು ಮಾತ್ರ ಹಚ್ಚಿದವರಲ್ಲೇ ತುಸು ಹೆಚ್ಚು. ಕಾಯಿಲೆ ಬಂದ ಮೇಲೆ ಮಾಯ್ಶ್ಚರೈಸರ್ ಚಿಕಿತ್ಸೆಯ ತಳಹದಿ ಎಂಬುದು ಇದರಿಂದ ಅಲುಗುವುದಿಲ್ಲ. ಬರದಂತೆ ತಡೆಯುವುದು ಬೇರೆಯೇ ಪ್ರಶ್ನೆ.

ಆದರೆ ಬಿರುಕಿನ ವಿಚಾರ ಇನ್ನೊಂದು ಕಡೆ ಫಲ ಕೊಟ್ಟಿತು. ತೀವ್ರ ಎಸ್ಜಿಮಾ ಇಲ್ಲವೇ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳ ಲೀಪ್ ಅಧ್ಯಯನ 2015ರಲ್ಲಿ ಬಂತು. ಕಡಲೆಕಾಯಿಯನ್ನು ದೂರವಿಟ್ಟ ಮಕ್ಕಳಲ್ಲಿ ಐದನೇ ವಯಸ್ಸಿಗೆ 17.2% ಮಂದಿಗೆ ಅದರ ಅಲರ್ಜಿ, ಚಿಕ್ಕಂದಿನಿಂದಲೇ ತಿಂದವರಲ್ಲಿ 3.2%. ಚರ್ಮದ ಮೂಲಕ ಮೊದಲು ಪರಿಚಯವಾದರೆ ವೈರ, ಬಾಯಿಯ ಮೂಲಕವಾದರೆ ಸ್ನೇಹ ಎಂಬ ಊಹೆಗೆ ಇದು ಒಳ್ಳೆಯ ಆಧಾರ. (ತೀವ್ರ ಎಸ್ಜಿಮಾ ಇರುವ ಮಗುವಿಗೆ ವೈದ್ಯರನ್ನು ಕೇಳದೆ ಮನೆಯಲ್ಲೇ ಪ್ರಯೋಗ ಮಾಡಬಾರದು. ಆ ಅಧ್ಯಯನದಲ್ಲೂ ಮೊದಲು ಪರೀಕ್ಷಿಸಿಯೇ ಸೇರಿಸಿಕೊಂಡದ್ದು.)

ಇದು ಗೊತ್ತಾದ ಮೇಲೆ ಆಹಾರದ ಬಗ್ಗೆ ನಾನು ಕೇಳುವ ಪ್ರಶ್ನೆ ಬದಲಾಯಿತು. ಏನು ತಿಂದರೆ ಹೆಚ್ಚಾಗುತ್ತದೆ ಎಂದು ಕೇಳುವ ಮೊದಲು, ಏನೇನು ಬಿಡಿಸಿದ್ದೀರಿ ಎಂದು ಕೇಳುತ್ತೇನೆ. ಪಟ್ಟಿ ಉದ್ದವೇ ಇರುತ್ತದೆ. ಹೆಚ್ಚಿನ ಸಲ ಕಾರಣ ಒಂದು ಚುಚ್ಚುಪರೀಕ್ಷೆಯ ವರದಿ. ಚರ್ಮ ಚುಚ್ಚಿದಲ್ಲಿ 3 ಮಿಲಿಮೀಟರ್ ಉಬ್ಬಿದರೆ ದೇಹ ಆ ವಸ್ತುವನ್ನು ಗುರುತಿಟ್ಟಿದೆ ಎಂದಷ್ಟೇ ಅರ್ಥ, ತಿಂದರೆ ತೊಂದರೆಯಾಗುತ್ತದೆ ಎಂದಲ್ಲ. ಅದನ್ನು ತೀರ್ಮಾನಿಸಲು ಆಸ್ಪತ್ರೆಯಲ್ಲಿ ಕಣ್ಣೆದುರೇ ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡಬೇಕು. ತಿಂದು ತೊಂದರೆಯಾಗದ ಮಗುವಿನ ತಟ್ಟೆಯಿಂದ ಬರೀ ವರದಿ ನೋಡಿ ಪದಾರ್ಥ ತೆಗೆಯುವುದನ್ನು ನಾನು ಒಪ್ಪುವುದಿಲ್ಲ.

ಈಗ ಕೈಯಲ್ಲಿರುವ ಅಧ್ಯಯನ ಔಷಧಿಯದ್ದಲ್ಲ. 16 ವಾರದ ಟ್ರಯಲ್ ಮುಗಿದ ಮೇಲೆ ಜನರ ಕಾಯಿಲೆ ಏನಾಗುತ್ತದೆ ಎಂಬುದರದ್ದು. ಭೇಟಿ ಕಡಿಮೆ. ಕಳೆದ ವಾರ ಎಸ್ಜಿಮಾ ಎಷ್ಟು ಹತೋಟಿಯಲ್ಲಿತ್ತು ಎಂದು ಕೇಳುವ ಏಳು ಪ್ರಶ್ನೆಗಳನ್ನು ಫೋನಿಗೆ ಕಳಿಸುತ್ತೇವೆ. ಕೆಟ್ಟ ವಾರ ಬಂದಾಗ ಉತ್ತರ ತಪ್ಪದೆ ಬರುತ್ತದೆ, ಆರಾಮಾಗಿದ್ದಾಗ ಮರೆತುಹೋಗುತ್ತದೆ. ಕೆಲವರದ್ದು ಇದಕ್ಕೆ ಉಲ್ಟಾ, ಬೇಸತ್ತು ಸುಮ್ಮನಾಗುತ್ತಾರೆ. ಖಾಲಿ ಹಾಳೆ ಎರಡನ್ನೂ ಒಂದೇ ಥರ ತೋರಿಸುತ್ತದೆ. ಅದಕ್ಕೆ ಸತತ ಎರಡು ವಾರ ಉತ್ತರ ಬರದಿದ್ದರೆ ಫೋನು ಮಾಡಿ, ಬಿಟ್ಟಿದ್ದು ಚೆನ್ನಾಗಿದ್ದೀರಿ ಎಂದೋ ಸಾಕಾಯಿತು ಎಂದೋ ಎಂದು ನೇರವಾಗಿ ಕೇಳುತ್ತೇವೆ. ಆ ಉತ್ತರಕ್ಕೆಂದೇ ಹಾಳೆಯಲ್ಲಿ ಬೇರೆ ಕಾಲಂ ಹಾಕಿಸಿದ್ದೇನೆ.